ಮಗುವನ್ನು ಬಿಗಿಹಿಡಿದು ‘ಬಾಂಧವ್ಯ’ ಕಲಿಸುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ

ದತ್ತು ಪಡೆದ ಅಥವಾ ಫಾಸ್ಟರ್ ಕೇರ್‌ನಲ್ಲಿ (ದತ್ತು ಇಲ್ಲದೆ, ತಾತ್ಕಾಲಿಕವಾಗಿ ಸಾಕಲು) ನಿಮ್ಮ ಮನೆಗೆ ಬಂದ ಮಗುವಿಗೆ ಬೆಳವಣಿಗೆಯ ತೊಂದರೆ ಇದೆಯೇ? ಹಾಗಿದ್ದರೆ ಮಗು ಮಾಡುವ ಎಲ್ಲದಕ್ಕೂ ‘ಅಟ್ಯಾಚ್‌ಮೆಂಟ್ ಡಿಸಾರ್ಡರ್’ (ಸಾಕುವವರೊಂದಿಗೆ ಬಾಂಧವ್ಯ ಬೆಳೆಯದಿರುವ ತೊಂದರೆ) ಎಂಬ ಒಂದೇ ಕಾರಣ ಹೇಳಿ, ಬಲವಂತವಾಗಿ ಹಿಡಿದಿಟ್ಟುಕೊಂಡು ಸರಿಮಾಡುತ್ತೇವೆ ಎನ್ನುವ ಕೇಂದ್ರಗಳಿಂದ ದೂರವಿರಿ. ಅಂಥ ಒಂದು ಕಡೆ ನಮ್ಮ ಮಗಳಿಗೆ ಏನಾಯಿತು ಅಂತ ಬರೆಯುತ್ತಿದ್ದೇನೆ. ದೂರು ವಿಚಾರಣೆಯಲ್ಲಿರುವುದರಿಂದ ಹೆಸರು ಹಾಕುತ್ತಿಲ್ಲ. ಹೆಸರಿಗಿಂತ ಅವರ ವರಸೆ ಗೊತ್ತಾಗುವುದು ಮುಖ್ಯ.

ಮಗಳು ಮೊದಲು ಫಾಸ್ಟರ್ ಮಗುವಾಗಿ ಬಂದಳು, ಆಮೇಲೆ ದತ್ತು ಆಯಿತು. ನಮಗಿಂತ ಮುಂಚೆ ಬೇರೆ ಮನೆಗಳಲ್ಲಿ ಇದ್ದವಳು. ಪ್ರತಿ ಸಲ ಮನೆ ಬದಲಾದಾಗಲೂ ಕಡತದ ಒಂದಿಷ್ಟು ಹಾಳೆ ಕಳೆದಿದ್ದವು ಅಂತ ಕಾಣುತ್ತದೆ. ಹುಟ್ಟಿದಾಗಿನ ತೂಕ ಇಲ್ಲ, ಹೆತ್ತ ತಾಯಿಯ ಗರ್ಭಾವಸ್ಥೆಯ ವಿವರ ಇಲ್ಲ, ಕಿವಿ ಪರೀಕ್ಷೆ ಆಗಿತ್ತೋ ಇಲ್ಲವೋ ಎಂಬ ಸಾಲೂ ಇಲ್ಲ. ಮಾತು ತೀರಾ ಕಡಿಮೆ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಎದುರಿನಿಂದ ಅಪ್ಪಿಕೊಂಡರೆ ಮೈ ಸೆಟೆಸುತ್ತಿದ್ದಳು. ಅಂಗಿಯ ಕಾಲರ್ ಇಡೀ ದಿನ ಬಾಯಲ್ಲೇ. ಆದರೆ ಎಡವಿ ಬಿದ್ದಾಗ ಮಾತ್ರ ಎಲ್ಲಿದ್ದರೂ ನನ್ನನ್ನು ಹುಡುಕಿಕೊಂಡು ಬರುತ್ತಿದ್ದಳು. ಮುಖ ನೋಡುತ್ತಿರಲಿಲ್ಲ, ಬೆನ್ನು ತಿರುಗಿಸಿ ಹಿಂದಕ್ಕೆ ಸರಿದು ಸರಿದು ನನ್ನ ಮಡಿಲಿಗೆ ಒರಗುತ್ತಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದತ್ತು ಆದೇಶ ಬಂದ ಮೇಲೆ ಸಮಾಜ ಕಾರ್ಯಕರ್ತೆಯ ಭೇಟಿ ನಿಂತಿತು. ತಜ್ಞರ ಅಪಾಯಿಂಟ್‌ಮೆಂಟ್‌ಗೆ ಉದ್ದ ಸರತಿ. ಬಹಳ ಕುಟುಂಬಗಳು ಒಂಟಿಯಾಗುವುದೇ ಈ ಹಂತದಲ್ಲಿ, ಇಂಥ ಕೇಂದ್ರಗಳು ನುಸುಳುವುದೂ ಇಲ್ಲೇ. ನಮಗೆ ಅದೇ ವಾರ ಬನ್ನಿ ಅಂದರು.

ಮೊದಲ ಭೇಟಿಯಲ್ಲಿ ಅಲ್ಲಿಯವರು ನಾವು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ‘ದತ್ತು ಮಗು’ ಅಂದ ತಕ್ಷಣ ಪೆನ್ನು ಕೆಳಗಿಟ್ಟರು. ಅಲ್ಲಿಗೆ ಅವರ ಪಾಲಿಗೆ ತಪಾಸಣೆ ಮುಗಿದಿತ್ತು. ಮಾತು ಯಾಕೆ ಬಂದಿಲ್ಲ ಅಂದರೆ ಅಟ್ಯಾಚ್‌ಮೆಂಟ್, ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತಾಳೆ ಅಂದರೆ ಅದೂ ಅಟ್ಯಾಚ್‌ಮೆಂಟ್, ಕಾಲರ್ ಕಚ್ಚುವುದೂ ಅದೇ. ಕಿವಿ ಕೇಳಿಸುತ್ತದೆಯೇ ಅಂತ ಯಾರೂ ಕೇಳಲಿಲ್ಲ. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ರೂಢಿಸುವ ಚಿಕಿತ್ಸೆ) ‘ಸದ್ಯಕ್ಕೆ ನಿಲ್ಲಿಸಿ, ಮಗು ಗೊಂದಲಕ್ಕೆ ಬೀಳುತ್ತದೆ’ ಅಂದರು. ಇಡೀ ಪ್ಯಾಕೇಜಿನ ಹಣ ಮುಂಗಡವಾಗಿ ಕಟ್ಟಿಸಿಕೊಂಡರು.

ಚಿಕಿತ್ಸೆ ನಡೆಯುವ ಕೋಣೆಗೆ ತಂದೆ ತಾಯಿಗೆ ಪ್ರವೇಶ ಇರಲಿಲ್ಲ. ‘ನೀವಿದ್ದರೆ ಮಗು ನಾಟಕ ಮಾಡುತ್ತದೆ’ ಎಂಬ ವಿವರಣೆ. ಒಂದು ದಿನ ಒಳಗಿನ ಕಿರುಚಾಟ ತಡೆಯಲಾಗದೆ ನಾನು ಬಾಗಿಲು ತಳ್ಳಿದೆ. ಇಬ್ಬರು ದೊಡ್ಡವರು ಮಗಳನ್ನು ತಮ್ಮ ತೊಡೆಗಳ ಮೇಲೆ ಅಡ್ಡ ಮಲಗಿಸಿಕೊಂಡಿದ್ದರು. ಒಬ್ಬರು ಕೈಕಾಲು ಅದುಮಿ ಹಿಡಿದಿದ್ದರು, ಇನ್ನೊಬ್ಬರು ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿ ‘ಕಣ್ಣಲ್ಲಿ ಕಣ್ಣಿಟ್ಟು ನೋಡು, ನೋಡಿದರೆ ಬಿಡುತ್ತೇನೆ’ ಅನ್ನುತ್ತಿದ್ದರು. ಅವಳ ಕೂದಲು ಬೆವರಿಗೆ ಹಣೆಗೆ ಅಂಟಿಕೊಂಡಿತ್ತು. ನನ್ನನ್ನು ಕಂಡದ್ದೇ ‘ಹೊರಗೆ ಹೋಗಿ, ಒಳಗಿರುವ ಸಿಟ್ಟು ಹೊರಬರುತ್ತಿದೆ, ಈಗ ನಿಲ್ಲಿಸಿದರೆ ಮಾಡಿದ್ದೆಲ್ಲ ನೀರುಪಾಲು’ ಅಂದರು. ನಾನು ಮಗಳನ್ನು ಎತ್ತಿಕೊಂಡು ಬಂದೆ. ಆಮೇಲೆ ಎಷ್ಟೋ ಕಾಲ ಅವಳು ನನ್ನ ಮಡಿಲಿಗೂ ಬರಲಿಲ್ಲ.

ಅವರು ಮಾಡುತ್ತಿದ್ದದ್ದು ಹೊಸದೇನಲ್ಲ. ‘ಹೋಲ್ಡಿಂಗ್ ಥೆರಪಿ’ ಎಂಬ ಹೆಸರಲ್ಲಿ ಹಲವು ದಶಕಗಳಿಂದ ದತ್ತು ಮತ್ತು ಫಾಸ್ಟರ್ ಮಕ್ಕಳ ಮೇಲೆ ನಡೆದುಕೊಂಡು ಬಂದಿರುವ ಪದ್ಧತಿ. ಮಗುವಿನೊಳಗೆ ಹುದುಗಿರುವ ಸಿಟ್ಟನ್ನು ಕೆರಳಿಸಿ ಹೊರಹಾಕಿಸಿದರೆ ಪ್ರೀತಿ ಹುಟ್ಟುತ್ತದೆ ಎಂಬುದು ಅದರ ವಾದ. ಈ ವಾದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಬಲವಂತದ ಇಂಥ ಪದ್ಧತಿಗಳು ಕೆಲಸ ಮಾಡುತ್ತವೆ ಎನ್ನಲು ಪುರಾವೆಯಿಲ್ಲ ಎಂದು ಅಮೆರಿಕದ ಮನೋವೈದ್ಯರ ಸಂಘ 2002ರಲ್ಲೇ ಹೇಳಿತ್ತು. ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಕೆಲಸ ಮಾಡುವ ಅಲ್ಲಿನ ತಜ್ಞರ ಸಂಘಟನೆಯ ಕಾರ್ಯಪಡೆಯೂ 2006ರಲ್ಲಿ ಇದನ್ನು ಮಾಡಬಾರದೆಂದು ವರದಿ ಕೊಟ್ಟಿತು.

ಅಷ್ಟು ಕಟುವಾಗಿ ಹೇಳುವುದಕ್ಕೆ ಕಾರಣವೂ ಇತ್ತು. 2000ದ ಏಪ್ರಿಲ್‌ನಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ಅಟ್ಯಾಚ್‌ಮೆಂಟ್ ತೊಂದರೆ ಇದೆ ಎಂದು ಕರೆತಂದಿದ್ದ 10 ವರ್ಷದ ದತ್ತು ಮಗಳನ್ನು ‘ಮರುಹುಟ್ಟು’ ಎಂಬ ಹೆಸರಲ್ಲಿ ಬಟ್ಟೆಯಲ್ಲಿ ಸುತ್ತಿ, ದಿಂಬುಗಳನ್ನಿಟ್ಟು ದೊಡ್ಡವರು ಮೇಲಿನಿಂದ ಒತ್ತಿ ಹಿಡಿದರು. ಉಸಿರಾಡಲಾಗುತ್ತಿಲ್ಲ ಎಂದು ಅವಳು ಮತ್ತೆ ಮತ್ತೆ ಹೇಳಿದರೂ ಬಿಡಲಿಲ್ಲ. 70 ನಿಮಿಷ ನಡೆದ ಆ ‘ಚಿಕಿತ್ಸೆ’ಯ ಮರುದಿನ ಅವಳು ತೀರಿಕೊಂಡಳು. ಇಬ್ಬರು ಥೆರಪಿಸ್ಟ್‌ಗಳಿಗೆ ತಲಾ 16 ವರ್ಷ ಜೈಲಾಯಿತು, 2001ರಲ್ಲಿ ಆ ರಾಜ್ಯ ಈ ‘ಮರುಹುಟ್ಟು’ ಪದ್ಧತಿಯನ್ನು ಕಾನೂನಿನಿಂದಲೇ ನಿಷೇಧಿಸಿತು. ಆ ಮಗು ಮಾತಾಡಬಲ್ಲವಳಾಗಿದ್ದಳು, ಆದರೂ ಕೇಳುವವರಿರಲಿಲ್ಲ. ಮಾತೇ ಬಾರದ ನಮ್ಮ ಮಕ್ಕಳನ್ನು ಇಂಥವರ ಕೈಗೆ ಕೊಟ್ಟರೆ ಏನಾದೀತು, ಯೋಚಿಸಿ.

ಅಟ್ಯಾಚ್‌ಮೆಂಟ್ ತೊಂದರೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ನಿಜವಾದ ಕಾಯಿಲೆ. ಆದರೆ ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ ಡಿಎಸ್ಎಂ-5 ಕೈಪಿಡಿ (2013) ಅದಕ್ಕೆ ಇಟ್ಟಿರುವ ಗುರುತು ಬೇರೆ: ನೋವಾದಾಗ, ಹೆದರಿದಾಗ ಮಗು ದೊಡ್ಡವರ ಬಳಿ ಸಾಂತ್ವನ ಹುಡುಕಿಕೊಂಡು ಬರುವುದೇ ಅಪರೂಪವಾಗಿರಬೇಕು. ಬಿದ್ದಾಗ ಬೆನ್ನು ತಿರುಗಿಸಿಯಾದರೂ ಮಡಿಲು ಹುಡುಕುವ ಮಗು ಅದಲ್ಲ. ಆಟಿಸಂ (ಮಾತು, ಇತರರೊಡನೆ ಬೆರೆಯುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಇದ್ದರೆ ಆ ರೋಗನಿರ್ಣಯ ಕೊಡುವಂತಿಲ್ಲ ಎಂದೂ ಅದೇ ಕೈಪಿಡಿ ಹೇಳುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಸುಲಭವಲ್ಲ ಎಂಬುದೂ ನಿಜ. ರುಮೇನಿಯಾದ ಅನಾಥಾಲಯಗಳಿಂದ ಇಂಗ್ಲೆಂಡಿಗೆ ದತ್ತು ಹೋದ ಕೆಲವು ಮಕ್ಕಳಲ್ಲಿ ಆಟಿಸಂನಂತೆಯೇ ಕಾಣುವ ಲಕ್ಷಣಗಳಿದ್ದವೆಂದು ಬ್ರಿಟನ್ನಿನ ಮಕ್ಕಳ ಮನೋವೈದ್ಯ ಮೈಕೆಲ್ ರಟರ್ ಮತ್ತು ಸಂಗಡಿಗರು 1999ರಲ್ಲಿ ಬರೆದರು. ಅಷ್ಟು ಅನುಭವಿಗಳೇ ವರ್ಷಗಟ್ಟಲೆ ಗಮನಿಸಿ ಹೇಳುವ ವಿಷಯವನ್ನು ಒಂದೇ ಭೇಟಿಯಲ್ಲಿ ತೀರ್ಮಾನಿಸುವವರನ್ನು ನಂಬಬಾರದು. ಇನ್ನು, ಅಟ್ಯಾಚ್‌ಮೆಂಟ್ ತೊಂದರೆ ಇದ್ದೇ ಇದೆ ಎಂದಾದರೂ ಅದಕ್ಕೆ ಮದ್ದು ಮಗುವಿನ ಮನಸ್ಸು ಅರಿತು ನಡೆಯುವ, ಬಿಟ್ಟುಹೋಗದ ಒಂದು ಜೀವ. ಅದುಮಿ ಹಿಡಿಯುವ ಕೈ ಯಾವ ರೋಗಕ್ಕೂ ಮದ್ದಲ್ಲ.

ನಮ್ಮ ಸರದಿ ಬಂದು ಬೆಳವಣಿಗೆಯ ತಜ್ಞ ಮಕ್ಕಳ ವೈದ್ಯೆ ನೋಡಿದಾಗ ಅವರು ಮೊದಲು ಬರೆದುಕೊಟ್ಟದ್ದೇ ಕಿವಿ ಮತ್ತು ಕಣ್ಣಿನ ಪರೀಕ್ಷೆ. ಎರಡೂ ಕಿವಿಗಳಲ್ಲಿ ಶ್ರವಣದೋಷ ಇತ್ತು, ಜೊತೆಗೆ ಆಟಿಸಂ. ಕರೆದರೆ ತಿರುಗದ ಮಗುವಿಗೆ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ! ಈಗ ಶ್ರವಣ ಸಾಧನ ಇದೆ, ಚಿತ್ರದ ಕಾರ್ಡುಗಳಿವೆ. ಅವಳು ತಾನಾಗಿ ಎತ್ತಿ ಕೊಟ್ಟ ಮೊದಲ ಕಾರ್ಡು ‘ಸಾಕು, ನಿಲ್ಲಿಸಿ’ ಎಂಬುದು. ಆ ಕಾರ್ಡು ಕಂಡರೆ ಅವಳ ಥೆರಪಿಸ್ಟ್ ಏನು ಮಾಡುತ್ತಿದ್ದರೂ ನಿಲ್ಲಿಸುತ್ತಾರೆ. ಒಳ್ಳೆಯ ಸೇವೆ ಎಂದರೆ ಹೇಗಿರುತ್ತದೆ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಆ ಕೇಂದ್ರದ ವರದಿಯನ್ನು ಕೇಳಿ ಪಡೆದಾಗ ಇನ್ನೊಂದು ಗೊತ್ತಾಯಿತು. ನಮ್ಮ ಮಗಳ ಬಗ್ಗೆ ಬರೆದ ಪುಟದ ನಡುವೆ ‘ಅವನು ತಾಯಿಯನ್ನು ಹೊಡೆಯುತ್ತಾನೆ’ ಅಂತ ಇತ್ತು. ಅವಳು ಯಾರನ್ನೂ ಹೊಡೆದವಳಲ್ಲ. ಯಾವುದೋ ಹುಡುಗನ ವರದಿಯನ್ನೇ ಇಲ್ಲಿ ಅಂಟಿಸಿದ್ದರು. ಆ ಹುಡುಗನ ಮನೆಯವರು ಇದನ್ನು ಓದಲಿ ಎಂಬುದು ನನ್ನ ದೊಡ್ಡ ಆಸೆ.

ಹಾಗಾಗಿ ಎಲ್ಲೇ ಸೇರಿಸುವ ಮುಂಚೆ ಕೋಣೆಯೊಳಗೆ ನಾವು ಕೂರಬಹುದೇ ಎಂದು ಕೇಳಿ. ಇಲ್ಲ ಅಂದರೆ ಮಾತು ಮುಂದುವರಿಸಬೇಡಿ. ಮಗು ಒಲ್ಲೆ ಎಂದಾಗ ಏನು ಮಾಡುತ್ತೀರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ನಡೆಯುತ್ತಿರುವ ಬೇರೆ ಥೆರಪಿ ಬಿಡಿಸಲು ನೋಡಿದರೆ, ಎರಡನೇ ಅಭಿಪ್ರಾಯ ಬೇಡ ಎಂದರೆ, ಎದ್ದು ಬನ್ನಿ. ಮಗು ಇನ್ನೂ ಫಾಸ್ಟರ್ ಕೇರ್‌ನಲ್ಲಿದ್ದರೆ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರ ಎಷ್ಟೋ ವೇಳೆ ನಿಮ್ಮದಾಗಿರುವುದಿಲ್ಲ, ಮಗುವಿನ ಹೊಣೆ ಹೊತ್ತ ಪ್ರಾಧಿಕಾರದ್ದಾಗಿರುತ್ತದೆ. ಸರಿಯಾದ ಸೇವೆಯವರು ಇದನ್ನು ತಾವಾಗಿಯೇ ವಿಚಾರಿಸುತ್ತಾರೆ.

ಈಗಾಗಲೇ ಹಣ ಕಟ್ಟಿ ಅಲ್ಲಿ ಸಿಕ್ಕಿಕೊಂಡಿದ್ದರೆ, ಹಣದ ಮುಖ ನೋಡದೆ ಮಗುವನ್ನು ಹೊರಗೆ ಕರೆತನ್ನಿ. ಮೈಮೇಲೆ ಗುರುತುಗಳಿದ್ದರೆ ಅಂದೇ ಫೋಟೋ ತೆಗೆದು ವೈದ್ಯರಿಗೆ ತೋರಿಸಿ, ರಸೀದಿ, ಸಂದೇಶಗಳನ್ನೆಲ್ಲ ಇಟ್ಟುಕೊಳ್ಳಿ. ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೂ ಆ ಥೆರಪಿಸ್ಟ್‌ಗೆ ಪರವಾನಗಿ ಕೊಟ್ಟ ಮಂಡಳಿಗೂ ಬೇರೆ ಬೇರೆಯಾಗಿ ದೂರು ಕೊಡಿ. ನಾವು ಎರಡೂ ಕಡೆ ಕೊಟ್ಟಿದ್ದೇವೆ, ವರದಿಯ ಆ ಪುಟವನ್ನೂ ಲಗತ್ತಿಸಿದ್ದೇವೆ.