ಏಳು ವರ್ಷ, ಏಳು ಆಸನ: ಮನೆಮಂದಿಗೂ ಕ್ಯಾಂಪಿಂಗಿಗೂ ಇನ್ನೋವಾ ಕ್ರಿಸ್ಟಾ

2018ರ ಡಿಸೆಂಬರ್‌ನಲ್ಲಿ ನಾವು ಟೊಯೋಟಾದ ಇನ್ನೋವಾ ಕ್ರಿಸ್ಟಾ ಕೊಂಡೆವು. 2.4 ಲೀಟರ್ ಡೀಸೆಲ್ ಎಂಜಿನ್, ಐದು ಗೇರಿನ ಮ್ಯಾನುವಲ್, ಜಿಎಕ್ಸ್ ಮಾದರಿ, ನಡುವಿನ ಸಾಲಿನಲ್ಲಿ ಎರಡು ಬಿಡಿ ಆಸನಗಳಿರುವ ಏಳು ಸೀಟಿನ ಗಾಡಿ. ಓಡೋಮೀಟರು ಈಗ 1,12,000 ಕಿಲೋಮೀಟರ್ ದಾಟಿದೆ. ನಮ್ಮ ಮನೆ ಮೈಸೂರಿನಲ್ಲಿ, ಊರು ತೀರ್ಥಹಳ್ಳಿಯ ಕಡೆ. ಮನೆಯಲ್ಲಿ ನಾನು, ಪತ್ನಿ, ಇಬ್ಬರು ಮಕ್ಕಳು ಮತ್ತು ಅಮ್ಮ ಸೇರಿ ಐದು ಜನ. ರಜೆಯಲ್ಲಿ ತಂಗಿ ಮತ್ತು ಅವಳ ಮಗ ಸೇರಿದರೆ ಏಳು. ವರ್ಷಕ್ಕೆ ಐದಾರು ಬಾರಿ ಟೆಂಟು ಕಟ್ಟಿಕೊಂಡು ಹೊರಗೆ ಮಲಗುವ ಅಭ್ಯಾಸ ನಮ್ಮದು. ದೊಡ್ಡ ಸಂಸಾರಕ್ಕೆ ಗಾಡಿ ಹುಡುಕುತ್ತಿರುವವರಿಗೆ ಈ ಅನುಭವ ಉಪಯೋಗವಾಗಬಹುದು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಕೊಳ್ಳುವ ಮುನ್ನ ಮೂರು ಗಾಡಿಗಳನ್ನು ನೋಡಿದ್ದೆವು. ಮಾರುತಿಯ ಎರಡನೇ ಪೀಳಿಗೆಯ ಎರ್ಟಿಗಾ ಆಗಷ್ಟೇ ನವೆಂಬರಿನಲ್ಲಿ ಬಂದಿತ್ತು. ಮಹೀಂದ್ರಾದ ಮರಾಜೊ ಸೆಪ್ಟೆಂಬರಿನಲ್ಲಿ ಬಂದು, ಗಾಡಿಯನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ನಾಲ್ಕು ನಕ್ಷತ್ರ ಪಡೆದು ಹೆಸರು ಮಾಡಿತ್ತು. ಬಿಡದಿಯಲ್ಲಿ ತಯಾರಾಗುವ ಕ್ರಿಸ್ಟಾ 2016ರಿಂದಲೂ ಮಾರುಕಟ್ಟೆಯಲ್ಲಿತ್ತು. ಬೆಲೆಯನ್ನಷ್ಟೇ ನೋಡಿದರೆ ಕ್ರಿಸ್ಟಾ ನಮ್ಮ ಕೈಗೆ ತುಸು ಎಟುಕದ್ದೇ ಆಗಿತ್ತು. ಕರ್ನಾಟಕದ ಜೀವಿತಾವಧಿ ತೆರಿಗೆ, ವಿಮೆ ಎಲ್ಲ ಸೇರಿ ಅದು ರಸ್ತೆಗಿಳಿಯುವಾಗ 20 ಲಕ್ಷದ ಹತ್ತಿರ ಬಂದಿತು. ಎರ್ಟಿಗಾಕ್ಕಾದರೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಕಾಗುತ್ತಿತ್ತು. ಆ ವ್ಯತ್ಯಾಸವನ್ನು ಸಮರ್ಥಿಸಿಕೊಳ್ಳಲು ನಮಗೆ ಒಂದು ತಿಂಗಳು ಬೇಕಾಯಿತು.

ಶೋರೂಮುಗಳಿಗೆ ಹೋದಾಗಲೆಲ್ಲ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ, ಏಕೆಂದರೆ ಅವರ ಮಂಡಿನೋವು ನಮ್ಮ ಮನೆಯ ಎಲ್ಲ ಪ್ರಯಾಣಗಳನ್ನೂ ನಿರ್ಧರಿಸುತ್ತದೆ. ಎರ್ಟಿಗಾದ ನೆಲ ತಗ್ಗಾಗಿರುವುದರಿಂದ ಅವರು ಯಾರ ಕೈಯನ್ನೂ ಹಿಡಿಯದೆ ಹತ್ತಿ ಕುಳಿತರು. ಕ್ರಿಸ್ಟಾ ಲ್ಯಾಡರ್ ಫ್ರೇಮ್ ಎಂಬ ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದ ಗಾಡಿಯಾದ್ದರಿಂದ ಅದರ ನೆಲ ಎತ್ತರ. ಕಂಬದ ಹಿಡಿಕೆ ಹಿಡಿದು, ಎಡಗಾಲನ್ನು ಒಳಗಿಟ್ಟು, ಬಲಗಾಲನ್ನು ಎಳೆದುಕೊಳ್ಳುವ ಮುನ್ನ ಅವರು ಒಂದು ಕ್ಷಣ ನಿಂತರು. ಆದರೆ ಕುಳಿತ ಮೇಲೆ ಕಥೆಯೇ ಬೇರೆಯಾಯಿತು. ಬಿಡಿ ಆಸನ ಎತ್ತರದಲ್ಲಿದ್ದು ತೊಡೆಗೆ ಪೂರ್ತಿ ಆಧಾರ ಸಿಗುತ್ತಿತ್ತು, ಎರಡೂ ಕಡೆ ತೋಳಿಡಲು ಒರಗು ಇತ್ತು, ಬೆನ್ನು ಸಾಕಷ್ಟು ಹಿಂದಕ್ಕೆ ವಾಲುತ್ತಿತ್ತು. ‘ಹತ್ತುವುದು ಒಂದು ಗಳಿಗೆ, ಕೂರುವುದು ಆರು ಗಂಟೆ ಮಗಾ’ ಎಂದು ಅವರೇ ಹೇಳಿದ ಮೇಲೆ ಚರ್ಚೆ ಮುಗಿಯಿತು. ಹತ್ತುವ ಕಷ್ಟಕ್ಕೆ ಹಲಸಿನ ಮರದ ಒಂದು ಗಟ್ಟಿ ಕಾಲ್ಮಣೆಯನ್ನು ಮಾಡಿಸಿದೆ. ಏಳು ವರ್ಷಗಳಿಂದ ಅದು ಗಾಡಿಯಲ್ಲೇ ಇದೆ. ಟೆಂಟಿನ ಮುಂದೆ ಅಡುಗೆಗೆ ಕೂರುವ ಪೀಠವೂ ಅದೇ.

ಏಳು ಆಸನ ಎಂಬ ಮಾತಿನಲ್ಲೇ ಒಂದು ಸೂಕ್ಷ್ಮವಿದೆ, ಮತ್ತು ಗಾಡಿ ಆರಿಸುವವರು ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದು ಅದನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಳು ಜನ ಮತ್ತು ಏಳು ಜನರ ಸಾಮಾನು ಎರಡೂ ಒಟ್ಟಿಗೆ ಹಿಡಿಸುವ ಗಾಡಿ ಈ ಗಾತ್ರದಲ್ಲಿ ಯಾವುದೂ ಇಲ್ಲ. ಮೂರೂ ಸಾಲುಗಳನ್ನು ಬಿಡಿಸಿದಾಗ ಕ್ರಿಸ್ಟಾದ ಡಿಕ್ಕಿ 300 ಲೀಟರ್, ಎರ್ಟಿಗಾದ್ದು 209, ಮರಾಜೊದ್ದು 190. 300 ಲೀಟರ್ ಎಂದರೆ ನಿಲ್ಲಿಸಿಟ್ಟ ಎರಡು ಮಧ್ಯಮ ಸೂಟ್‌ಕೇಸು, ಅವುಗಳ ಸಂದಿಯಲ್ಲಿ ತುರುಕಿದ ನಾಲ್ಕು ಬಟ್ಟೆಯ ಚೀಲ, ಅಷ್ಟೇ. ಟೆಂಟು, ಚಾಪೆ, ಒಲೆ, ನೀರಿನ ಕ್ಯಾನುಗಳಿಗೆ ಅಲ್ಲಿ ಜಾಗವಿಲ್ಲ. ಆದ್ದರಿಂದ ಕ್ಯಾಂಪಿಂಗ್ ಮಾಡುವವರು ಏಳು ಸೀಟಿನ ಗಾಡಿಯನ್ನು ಐದು ಜನರ, ಹೆಚ್ಚೆಂದರೆ ಆರು ಜನರ ಗಾಡಿ ಎಂದೇ ಲೆಕ್ಕ ಹಾಕಬೇಕು. ನಮಗೆ ಒಗ್ಗಿದ ವ್ಯವಸ್ಥೆ ಹೀಗಿದೆ: ಕೊನೆಯ ಸಾಲು ಎರಡು ಭಾಗವಾಗಿ ಮಡಚುವುದರಿಂದ ಒಂದು ಕಡೆಯ ಆಸನವನ್ನು ಎತ್ತಿ ಕಟ್ಟಿ ಆ ಅರ್ಧಕ್ಕೆ ಟೆಂಟು ಮತ್ತು ಹಾಸಿಗೆ, ಇನ್ನೊಂದು ಅರ್ಧದಲ್ಲಿ ಒಬ್ಬ ಹುಡುಗ. ಏಳೂ ಜನ ಹೊರಟಾಗ ಮಾತ್ರ ಮೇಲಿನ ಕ್ಯಾರಿಯರ್‌ಗೆ ಟಾರ್ಪಾಲು ಹೊದಿಸಿ ಹಗುರವಾದ ಸಾಮಾನುಗಳನ್ನು ಕಟ್ಟುತ್ತೇವೆ. ಭಾರದ ವಸ್ತುಗಳನ್ನು ಮೇಲೆ ಹಾಕಿದರೆ ಎತ್ತರದ ಈ ಗಾಡಿ ತಿರುವುಗಳಲ್ಲಿ ಇನ್ನಷ್ಟು ವಾಲುತ್ತದೆ.

ಈ ಮಡಚುವ ವಿಧಾನದಲ್ಲಿಯೇ ಕ್ರಿಸ್ಟಾ ಎರ್ಟಿಗಾಕ್ಕೆ ಸೋಲುತ್ತದೆ ಎಂಬುದನ್ನೂ ಹೇಳಬೇಕು. ಎರ್ಟಿಗಾದ ಹಿಂದಿನ ಸಾಲಿನ ಬೆನ್ನು ಮುಂದಕ್ಕೆ ಮಲಗಿ ಹೆಚ್ಚುಕಡಿಮೆ ಸಮತಟ್ಟಾದ ಹಲಗೆಯಂತಾಗುತ್ತದೆ. ಕ್ರಿಸ್ಟಾದ ಆಸನಗಳು ಮೇಲೆದ್ದು ಎರಡೂ ಪಕ್ಕದ ಕಿಟಕಿಗಳಿಗೆ ಒರಗಿ ನೇತಾಡುತ್ತವೆ. ಅಗಲ ಕಡಿಮೆಯಾಗುತ್ತದೆ, ಹಿಂದಿನ ಗಾಜಿನ ನೋಟವೂ ಮರೆಯಾಗುತ್ತದೆ. ಗಂಡ ಹೆಂಡತಿ ಇಬ್ಬರೇ ಗಾಡಿಯೊಳಗೆ ಹಾಸಿಗೆ ಹಾಸಿ ಮಲಗುವ ಉದ್ದೇಶವಿದ್ದರೆ ಇದಕ್ಕಾಗಿ ಇಷ್ಟು ಹಣ ಕೊಡುವುದು ಬೇಡ.

ನಾವು ಗಾಡಿಯೊಳಗೆ ಮಲಗಿದ್ದು ಒಂದೇ ರಾತ್ರಿ, ಅದೂ ಅನಿವಾರ್ಯವಾಗಿ. ಅರಣ್ಯದ ನೆಲದಲ್ಲಿ ಅನುಮತಿಯಿಲ್ಲದೆ ತಂಗುವುದು ಅಪರಾಧವಾದ್ದರಿಂದ ನಾವು ನೆಂಟರ ತೋಟಗಳಲ್ಲಿ, ಇಲ್ಲವೇ ಮುಂಗಡ ಹೇಳಿ ಹೋಗುವ ಹೊನ್ನೆಮರಡಿನಂತಹ ಜಾಗಗಳಲ್ಲಿ ಮಾತ್ರ ಟೆಂಟು ಹಾಕುತ್ತೇವೆ. ಅಂದು ತೀರ್ಥಹಳ್ಳಿಯ ಹತ್ತಿರದ ನೆಂಟರ ತೋಟದಂಚಿನ ಹುಲ್ಲುಗಾವಲಿನಲ್ಲಿದ್ದೆವು. ಅಕ್ಟೋಬರಿನ ಮಳೆ ನಡುರಾತ್ರಿ ಸುರಿದು ಟೆಂಟಿನೊಳಗೆ ನೀರು ಬಂದಿತು. ಐದೂ ಜನ ಗಾಡಿಗೆ ಓಡಿದೆವು. ಅಮ್ಮನ ಬಿಡಿ ಆಸನವನ್ನು ಪೂರ್ತಿ ಹಿಂದಕ್ಕೆ ವಾಲಿಸಿ, ಎದುರಿಗೆ ಪಾತ್ರೆಯ ಪೆಟ್ಟಿಗೆಯನ್ನಿಟ್ಟು ಅದರ ಮೇಲೆ ಕೌದಿ ಮಡಿಚಿ ಹಾಕಿ ಕಾಲು ಚಾಚಿಸಿದೆವು. ಅವರು ಬೆಳಗಿನವರೆಗೂ ನಿದ್ದೆ ಮಾಡಿದರು. ಮಗಳು ಪಕ್ಕದ ಆಸನದಲ್ಲಿ, ಪತ್ನಿ ಮುಂದೆ, ನಾನೂ ಮಗನೂ ಹಿಂದಿನ ನೆಲದ ಮೇಲೆ ಓರೆಯಾಗಿ. ಐದೂವರೆ ಅಡಿ ಎತ್ತರದ ನನಗೆ ಅಲ್ಲಿ ಕಾಲು ಚಾಚಲು ಆಗಲಿಲ್ಲ. ಎರಡು ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸಿ ಸೊಳ್ಳೆಪರದೆಯ ತುಂಡನ್ನು ಬಾಗಿಲಿಗೆ ಸಿಕ್ಕಿಸಿದ್ದೆವು. ಆದರೂ ಐದು ಜನರ ಉಸಿರಿಗೆ ಗಾಜುಗಳ ಒಳಮೈಯೆಲ್ಲ ಮಂಜುಗಟ್ಟಿ, ಬೆಳಿಗ್ಗೆ ಒರೆಸಿದ ಟವೆಲ್ಲನ್ನು ಹಿಂಡಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಚಳಿಗೋ ಸೆಖೆಗೋ ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ, ಎಸಿ ಹಾಕಿಕೊಂಡು ಮಲಗಬಾರದು; ಗ್ಯಾಸ್ ಒಲೆಯನ್ನೂ ಇದ್ದಿಲನ್ನೂ ಗಾಡಿಯ ಒಳಗಾಗಲಿ ಟೆಂಟಿನ ಒಳಗಾಗಲಿ ಹೊತ್ತಿಸಬಾರದು. ಇವುಗಳಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರಿಗೆ ಅದು ತಿಳಿಯುವ ಮೊದಲೇ ಪ್ರಜ್ಞೆ ತಪ್ಪುತ್ತದೆ.

ಮರುದಿನ ಹೊರಡುವಾಗ ಹಿಂದಿನ ಚಕ್ರಗಳು ಒದ್ದೆ ಹುಲ್ಲಿನ ಮೇಲೆ ಸುಮ್ಮನೆ ತಿರುಗತೊಡಗಿದವು. ಗಾಡಿಯನ್ನು ಅಲ್ಲಿ ಇಳಿಸಿದ್ದು ನನ್ನದೇ ಅವಿವೇಕ. ಭಾರ ಕಡಿಮೆಯಾದರೆ ಮೇಲೆ ಬರಬಹುದೆಂದು ಎಲ್ಲರನ್ನೂ ಇಳಿಸಿದೆ, ಚಕ್ರ ಇನ್ನಷ್ಟು ಜಾರಿತು. ತೋಟದ ಕೆಲಸಕ್ಕೆ ಬಂದಿದ್ದ ಹಿರಿಯರೊಬ್ಬರು ಅಡಿಕೆ ಸೋಗೆಗಳನ್ನು ಚಕ್ರದ ಮುಂದೆ ಹಾಸಿ, ಮಕ್ಕಳನ್ನೂ ತಂದ ಸಾಮಾನನ್ನೂ ಕೊನೆಯ ಸಾಲಿಗೆ ಹಾಕಿಸಿ, ಎರಡನೇ ಗೇರಿನಲ್ಲಿ ನಿಧಾನವಾಗಿ ಕ್ಲಚ್ ಬಿಡಲು ಹೇಳಿದರು. ಗಾಡಿ ಹತ್ತಿಕೊಂಡು ಬಂದಿತು. ಕ್ರಿಸ್ಟಾದಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಆ ಚಕ್ರಗಳ ಮೇಲೆ ಭಾರ ಬಿದ್ದಷ್ಟೂ ಹಿಡಿತ ಹೆಚ್ಚು. ತುಂಬಿದ ಗಾಡಿ ಘಾಟಿ ಏರುವಾಗ ಹಿಂದಿನ ಚಕ್ರಗಳು ಸುಲಭವಾಗಿ ಜಾರದಿರುವುದಕ್ಕೂ ಇದೇ ಕಾರಣ. ಆದರೂ ಇದು ನಾಲ್ಕು ಚಕ್ರದ ಚಾಲನೆಯ ಗಾಡಿಯಲ್ಲ. ಕರಾವಳಿಯ ಮರಳಿನ ಮೇಲೆ ನಾನು ಇದನ್ನು ಎಂದೂ ಇಳಿಸಿಲ್ಲ.

ಘಾಟಿಯ ವಿಷಯಕ್ಕೆ ಬಂದರೆ, ಏಳು ಜನರನ್ನೂ ಸಾಮಾನನ್ನೂ ಹೊತ್ತು ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಏರುವಾಗ ಈ ಎಂಜಿನ್ 150 ಅಶ್ವಶಕ್ತಿ, 343 ನ್ಯೂಟನ್ ಮೀಟರ್ ತಿರುಗುಬಲ (ಟಾರ್ಕ್) ಎಂಬ ಅಂಕಿಗಳಿಗೆ ನ್ಯಾಯ ಒದಗಿಸುತ್ತದೆ. ಎಸಿ ನಿಲ್ಲಿಸುವ ಪ್ರಸಂಗ ಒಮ್ಮೆಯೂ ಬಂದಿಲ್ಲ. ಆದರೆ ಕೊನೆಯ ಸಾಲು ಹಿಂದಿನ ಅಚ್ಚಿನ ನೇರಕ್ಕೇ ಇರುವುದರಿಂದ ಪ್ರತಿ ಕುಲುಕಾಟ ಅಲ್ಲಿ ಕೂತವರಿಗೆ ನೇರವಾಗಿ ತಟ್ಟುತ್ತದೆ. ನಮ್ಮ ಮಗಳು ಎರಡು ಬಾರಿ ವಾಂತಿ ಮಾಡಿಕೊಂಡ ಮೇಲೆ ಘಾಟಿಯ ಬುಡದಲ್ಲಿ ಆಸನ ಬದಲಿಸುವ ಪದ್ಧತಿ ಮಾಡಿದೆವು: ಮಕ್ಕಳು ನಡುವಿನ ಸಾಲಿಗೆ, ಅಮ್ಮ ಮುಂದಕ್ಕೆ, ದೊಡ್ಡವರಿಬ್ಬರು ಹಿಂದಕ್ಕೆ. ಚಾವಣಿಯಲ್ಲಿ ಕೊನೆಯ ಸಾಲಿನವರೆಗೂ ಎಸಿ ಗಾಳಿಯ ಕಿಂಡಿಗಳಿರುವುದು ಇಂಥ ಹೊತ್ತಿನಲ್ಲಿ ದೊಡ್ಡ ಉಪಕಾರ. ಖಾಲಿ ಗಾಡಿಯಲ್ಲಿ ಹಿಂಬದಿಯ ಜಿಗಿತ ಜಾಸ್ತಿ ಎನ್ನುವುದನ್ನೂ ಪರೀಕ್ಷಾರ್ಥ ಚಾಲನೆಯಲ್ಲಿಯೇ ಹಿಂದೆ ಕುಳಿತು ತಿಳಿದುಕೊಳ್ಳಬೇಕು. ಕೊಳ್ಳುವವರೆಲ್ಲರೂ ಚಾಲಕನ ಸೀಟಿನಲ್ಲಿ ಕೂತು ನೋಡುತ್ತಾರೆ, ಕೊನೆಯ ಸಾಲಿನಲ್ಲಿ ಅರ್ಧ ಗಂಟೆ ಕೂತು ನೋಡುವವರು ಕಡಿಮೆ.

ಖರ್ಚಿನ ಮಾತು ಚಿಕ್ಕದು. ಹೆದ್ದಾರಿಯಲ್ಲಿ ಗಂಟೆಗೆ 80ರಿಂದ 90ರ ವೇಗದಲ್ಲಿ ಲೀಟರಿಗೆ 14ರಿಂದ 15 ಕಿಲೋಮೀಟರ್, ಊರೊಳಗೆ 10ರಿಂದ 11. ಟ್ಯಾಂಕು 55 ಲೀಟರಿನದು. ಟೈರುಗಳನ್ನು ಎರಡು ಬಾರಿ, ಬ್ಯಾಟರಿಯನ್ನು ಒಂದು ಬಾರಿ ಬದಲಿಸಿದ್ದೇನೆ; 10,000 ಕಿಲೋಮೀಟರಿಗೊಮ್ಮೆ ಸರ್ವಿಸ್ ತಪ್ಪಿಸಿಲ್ಲ. ದೊಡ್ಡ ದುರಸ್ತಿ ಬಂದದ್ದು ಇಲಿಯಿಂದ. ಊರಿನ ಕೊಟ್ಟಿಗೆಯ ಪಕ್ಕ ಹತ್ತು ದಿನ ನಿಲ್ಲಿಸಿದ್ದಾಗ ಬಾನೆಟ್ಟಿನೊಳಗೆ ಸೇರಿದ ಇಲಿ ವೈರುಗಳ ಕಟ್ಟನ್ನೇ ಕಡಿದು ಹಾಕಿತ್ತು. ಮಲೆನಾಡಿನಲ್ಲಿ ಗಾಡಿ ನಿಲ್ಲಿಸುವವರು ರಾತ್ರಿ ಬಾನೆಟ್ ಎತ್ತಿಟ್ಟು ಸಣ್ಣ ಬಲ್ಬು ಉರಿಸುವುದನ್ನು ಅಂದಿನಿಂದ ನಾನೂ ಕಲಿತೆ. ಸ್ಟೆಪ್ನಿ ಗಾಡಿಯ ಅಡಿಯಲ್ಲಿ ನೇತಾಡುವುದರಿಂದ ಪಂಕ್ಚರ್ ಆದಾಗ ಡಿಕ್ಕಿ ತುಂಬಿದ ಸಾಮಾನನ್ನು ಇಳಿಸಬೇಕಿಲ್ಲ. ಆದರೆ ಕೆಸರಿನಲ್ಲಿ ಅದನ್ನು ಇಳಿಸಿಕೊಳ್ಳಲು ಮಂಡಿಯೂರಬೇಕು, ಅದಕ್ಕಾಗಿ ಒಂದು ಹಳೆಯ ಗೋಣಿಚೀಲ ಇಟ್ಟುಕೊಳ್ಳಿ.

ಒಳಗೆ ಕಾಯಂ ಮಂಚ ಕೂರಿಸುವ, ಆಸನ ಕಿತ್ತು ತೆಗೆಯುವ ಯೋಚನೆಯಿದ್ದವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಮೊದಲು ಓದಬೇಕು. ನೋಂದಣಿಯಲ್ಲಿರುವ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಅದು ತಡೆಯೊಡ್ಡುತ್ತದೆ. ನಾವು ಮಾಡಿಸಿದ್ದು ಪ್ಲೈವುಡ್ಡಿನ ಒಂದು ಪೆಟ್ಟಿಗೆ ಮಾತ್ರ: ಮೂರಡಿ ಉದ್ದ, ಒಂದಡಿ ಎತ್ತರ, ಒಳಗೆ ಒಲೆ, ಪಾತ್ರೆ, ದಿನಸಿ; ಮುಚ್ಚಳವೇ ತರಕಾರಿ ಹೆಚ್ಚುವ ಮೇಜು. ಅದನ್ನು ಆಸನದ ಕಾಲುಗಳಿಗೆ ಪಟ್ಟಿಯಿಂದ ಬಿಗಿಯುತ್ತೇವೆ. ಗಟ್ಟಿಯಾಗಿ ಬ್ರೇಕು ಹಾಕಿದಾಗ ಬಿಗಿಯದ ಪೆಟ್ಟಿಗೆ ಮುಂದೆ ಕೂತವರ ಬೆನ್ನಿಗೆ ಬರುತ್ತದೆ.

ಈಗ ಹೊಸದಾಗಿ ಕೊಳ್ಳುವವರ ಮುಂದೆ 2022ರಲ್ಲಿ ಬಂದ ಕಿಯಾ ಕ್ಯಾರೆನ್ಸ್ ಇದೆ, ಅದೇ ವರ್ಷದ ಕೊನೆಗೆ ಬಂದ ಇನ್ನೋವಾ ಹೈಕ್ರಾಸ್ ಇದೆ. ಹೈಕ್ರಾಸ್ ಲ್ಯಾಡರ್ ಫ್ರೇಮನ್ನು ಬಿಟ್ಟು ಮುಂಚಕ್ರ ಚಾಲನೆಗೆ ಬಂದ ಪೆಟ್ರೋಲ್ ಗಾಡಿ, ಪೆಟ್ರೋಲಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಮಾದರಿಯೂ ಇದೆ. ಅಚ್ಚುಗಳ ನಡುವಿನ ಅಂತರ 2850 ಮಿಲಿಮೀಟರ್, ನಮ್ಮದರದು 2750. ಹೆಚ್ಚು ಸಮಯ ಊರೊಳಗೇ ಓಡಿಸುವವರಿಗೆ, ಸಮವಾದ ರಸ್ತೆಯ ಪ್ರಯಾಣಿಕರಿಗೆ ನಾನು ಅದನ್ನೇ ಹೇಳುತ್ತೇನೆ. ಹಳೆಯ ಕ್ರಿಸ್ಟಾ ಕೊಳ್ಳುವವರು, ಅದು ಹಿಂದೆ ಹಳದಿ ಬೋರ್ಡಿನ ಬಾಡಿಗೆ ಗಾಡಿಯಾಗಿತ್ತೇ ಎಂಬುದನ್ನು ದಾಖಲೆಗಳಲ್ಲಿ ಪರಿಶೀಲಿಸಿ, ಓಡೋಮೀಟರಿನ ಅಂಕಿಯನ್ನು ಸರ್ವಿಸ್ ದಾಖಲೆಯೊಂದಿಗೆ ತಾಳೆ ನೋಡಬೇಕು. ಯಾವ ಗಾಡಿಯನ್ನೇ ಆರಿಸಿದರೂ ಮನೆಯ ಪೋರ್ಟಿಕೋವನ್ನು ಟೇಪು ಹಿಡಿದು ಅಳೆಯಿರಿ. ಕ್ರಿಸ್ಟಾ 4735 ಮಿಲಿಮೀಟರ್ ಉದ್ದ, 1830 ಅಗಲ. ನಮ್ಮ ಗೇಟಿನ ಒಂದು ಕಂಬವನ್ನು ಒಡೆದು ಹಿಂದಕ್ಕೆ ಸರಿಸಬೇಕಾಯಿತು.

ಕೊಂಡಾಗ ಏಳು ವರ್ಷದವಳಿದ್ದ ಮಗಳಿಗೆ ಈಗ ಹದಿನಾಲ್ಕು. ಅವಳ ಮೊಣಕಾಲು ಕೊನೆಯ ಸಾಲಿನಲ್ಲಿ ಮುಂದಿನ ಆಸನಕ್ಕೆ ತಾಗುತ್ತದೆ. ಹೀಗಾಗಿ ತಂಗಿ ಬರುವ ದಿನಗಳನ್ನು ಬಿಟ್ಟರೆ ಆ ಸಾಲಿನ ಎರಡೂ ಭಾಗಗಳು ಮಡಚಿಯೇ ಇರುತ್ತವೆ, ಪ್ಲೈವುಡ್ ಪೆಟ್ಟಿಗೆ ಅಲ್ಲಿ ಕಾಯಂ ಆಗಿದೆ. ಅಮ್ಮ ಈಗಲೂ ಎಡಗಡೆಯ ಅದೇ ಬಿಡಿ ಆಸನದಲ್ಲಿ ಕೂರುತ್ತಾರೆ. ಕಾಲ್ಮಣೆ ತೆಗೆದಿಡುವ ಕೆಲಸ ಮಗನದು.