ಮೂರು ಭಾಷೆಯ ಸೈಟಿಗೆ ಯಾವ ಪ್ಲಗಿನ್?

ಕೋಲಾರದ ಟೊಮೆಟೊ ಸಸಿ ನರ್ಸರಿಯವರೊಬ್ಬರು ಕೇಳಿದ್ದಾರೆ: ವರ್ಡ್‌ಪ್ರೆಸ್ ಸೈಟ್ ಕನ್ನಡ, ತೆಲುಗು, ಇಂಗ್ಲಿಷ್‌ನಲ್ಲಿದೆ, ತೆಲುಗು ಒತ್ತಿದರೆ 404 (ಪುಟ ಸಿಗಲಿಲ್ಲ) ಎಂದು ಬರುತ್ತಿದೆ, ಭಾಷೆ ನೋಡಿಕೊಳ್ಳುವ ಪ್ಲಗಿನ್ (ಸೈಟಿಗೆ ಸೇರಿಸುವ ಚಿಕ್ಕ ತಂತ್ರಾಂಶ) ಬದಲಿಸಲಾ?

ಅವಸರ ಬೇಡ. ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ (ಪುಟಗಳ ವಿಳಾಸದ ಸೆಟ್ಟಿಂಗ್) ತೆರೆದು, ಏನೂ ಬದಲಿಸದೆ ಸುಮ್ನೆ ಸೇವ್ ಒತ್ತಿ. ಕ್ಯಾಶ್ (ಉಳಿಸಿಟ್ಟ ಹಳೆಯ ಪ್ರತಿಗಳು) ಖಾಲಿ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಆಗಲೂ ಬದಲಿಸಬೇಕು ಅನಿಸಿದರೆ, ಮೊದಲು ಖರ್ಚು ನೋಡಿ. ಇಂಥ ಮೂರು ಪ್ಲಗಿನ್ ನೋಡೋಣ. ಪಾಲಿಲ್ಯಾಂಗ್‌ನ ಉಚಿತ ಆವೃತ್ತಿಯಲ್ಲೇ ಮೂರೂ ಭಾಷೆ ನಡೆಯುತ್ತವೆ. ಟ್ರಾನ್ಸ್‌ಲೇಟ್‌ಪ್ರೆಸ್ ಉಚಿತವಾಗಿ ಕೊಡುವುದು ಮೂಲ ಭಾಷೆಯ ಜೊತೆ ಇನ್ನೊಂದನ್ನು ಮಾತ್ರ. ಡಬ್ಲ್ಯುಪಿಎಂಎಲ್‌ಗೆ ದುಡ್ಡು ಕೊಡಲೇಬೇಕು.

ನನಗೆ ಹೆಚ್ಚು ಮುಖ್ಯ ಅನಿಸುವುದು ತಪ್ಪು ಹುಡುಕುವ ಸುಲಭ. ಪಾಲಿಲ್ಯಾಂಗ್‌ನಲ್ಲಿ ಪ್ರತಿ ಭಾಷೆಗೂ ಬೇರೆ ಪುಟ. ತೆಲುಗು ಪುಟ ಇಲ್ಲದಿದ್ದರೆ ಪುಟಗಳ ಪಟ್ಟಿಯಲ್ಲಿ ಕೂಡಿಸುವ ಗುರುತು (+) ಕಾಣುತ್ತದೆ. ಮೆನುವನ್ನು ಮಾತ್ರ ಭಾಷೆಗೊಂದರಂತೆ ಜೋಡಿಸಬೇಕು, ಇದನ್ನು ಮರೆಯುವವರೇ ಜಾಸ್ತಿ. ಟ್ರಾನ್ಸ್‌ಲೇಟ್‌ಪ್ರೆಸ್‌ನಲ್ಲಿ ಪುಟದ ಮೇಲೇ ಕ್ಲಿಕ್ ಮಾಡಿ ಬರೆಯಬಹುದು, ಕಲಿಯುವುದು ಬಲು ಸುಲಭ. ಆದರೆ ಮೂಲದ ಸಾಲು ತಿದ್ದಿದರೆ ಆ ಸಾಲಿನ ಅನುವಾದ ಹೋಗಿ, ತೆಲುಗು ಪುಟದಲ್ಲಿ ಕನ್ನಡ ಇಣುಕಬಹುದು. ಸಸಿಯ ವಿವರ ಪದೇ ಪದೇ ತಿದ್ದುವವರಿಗೆ ಇದು ತಲೆನೋವು ಅಲ್ವಾ? ಡಬ್ಲ್ಯುಪಿಎಂಎಲ್ ಆದರೆ ಹಳೆಯದಾದ ಅನುವಾದವನ್ನು ಗುರುತು ಮಾಡಿ ತೋರಿಸುತ್ತದೆ.

ನಾಲ್ಕೈದು ಪುಟದ, ಎರಡೇ ಭಾಷೆಯ ಸೈಟಿಗೆ ಟ್ರಾನ್ಸ್‌ಲೇಟ್‌ಪ್ರೆಸ್ ಸಾಕು. ಮೂರು ಭಾಷೆ, ಕೈಯಲ್ಲಿ ದುಡ್ಡು ಕಮ್ಮಿ ಎಂದರೆ ಪಾಲಿಲ್ಯಾಂಗ್. ಸಸಿಗಳನ್ನು ವೂಕಾಮರ್ಸ್‌ನಲ್ಲಿ (ವರ್ಡ್‌ಪ್ರೆಸ್‌ನ ಆನ್‌ಲೈನ್ ಅಂಗಡಿ ಪ್ಲಗಿನ್) ಮಾರುವುದಾದರೆ ಪಾಲಿಲ್ಯಾಂಗ್‌ಗೂ ಹಣ ಕೊಡಬೇಕಾಗುತ್ತದೆ, ಆಗ ಡಬ್ಲ್ಯುಪಿಎಂಎಲ್ ಜೊತೆ ಬೆಲೆ ಹೋಲಿಸಿ. ಯಾವುದಕ್ಕೆ ಹೋದರೂ ಮೊದಲು ಬ್ಯಾಕಪ್ ತೆಗೆದಿಡಿ.