ಪಾಸ್‌ವರ್ಡ್ ಕೇಳದ ಮಿಂಟ್: ಕೊಡಗಿನ ಮಳೆಗಾಲದಲ್ಲಿ ಆಟೋಮ್ಯಾಟಿಕ್ ಲಾಗಿನ್ ಬಳಸಿ ನೋಡಿದ ಮೇಲೆ

ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ಎಷ್ಟು ಹಗುರ, ಹಳೆ ಕಂಪ್ಯೂಟರಿಗೆ ಎಷ್ಟು ಒಳ್ಳೆಯದು ಅನ್ನೋದನ್ನೆಲ್ಲ ನೀವು ಬೇಕಾದಷ್ಟು ಓದಿರುತ್ತೀರಿ. ಅದನ್ನು ಬಿಡುತ್ತೇನೆ. ಇನ್‌ಸ್ಟಾಲ್ ಮಾಡುವಾಗ ಹೆಸರು, ಪಾಸ್‌ವರ್ಡ್ ಕೇಳುವ ಪುಟದಲ್ಲಿ ‘ಲಾಗಿನ್ ಆಟೋಮ್ಯಾಟಿಕಲಿ’ (ಆನ್ ಮಾಡಿದಾಗ ಪಾಸ್‌ವರ್ಡ್ ಕೇಳದೆ ನೇರ ಒಳಗೆ ಬಿಡುವುದು) ಅಂತ ಒಂದು ಆಯ್ಕೆ ಬರುತ್ತದಲ್ಲ, ನಾನು ಬರೆಯುತ್ತಿರುವುದು ಅದರ ಬಗ್ಗೆ ಮಾತ್ರ. ಬೇಸಿಗೆಯಲ್ಲಿ ಅದನ್ನು ಕಂಡಕಂಡವರಿಗೆಲ್ಲ ಹೊಗಳಿದ್ದೆ. ಮಳೆ ಹಿಡಿದ ಮೇಲೆ ಅದೇ ಚಿಂತೆಗೆ ಹಚ್ಚಿತು.

ನಮ್ಮದು ಸುಂಟಿಕೊಪ್ಪದ ಕಡೆ ಚಿಕ್ಕ ಕಾಫಿ ತೋಟ, ಜೊತೆಗೆ ಎರಡು ಕೋಣೆಯ ಹೋಂಸ್ಟೇ. ಆಫೀಸ್ ರೂಮಿನ ಬಾಗಿಲು ಜಗಲಿಗೇ ತೆರೆಯುತ್ತದೆ. ಅಲ್ಲಿರುವ ಡೆಸ್ಕ್‌ಟಾಪ್‌ಗೆ ವಿಂಡೋಸ್ 11 ಹಾಕಲು ಬರುವುದಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಬೆಂಬಲ ಇಲ್ಲ ಅಂತ ಮೊದಲೇ ಗೊತ್ತಿತ್ತು. ಹೊಸದು ಕೊಳ್ಳೋಣ ಅಂದರೆ ಅದೇ ದುಡ್ಡಿನಲ್ಲಿ ಕಾಫಿ ಕಣಕ್ಕೆ ಸಿಮೆಂಟ್ ಹಾಕಿಸಬೇಕಿತ್ತು. ಹಾಗಾಗಿ 2024ರ ಕೊಯ್ಲಿಗೆ ಮುಂಚೆ ಮಿಂಟ್ 22 ಹಾಕಿದೆವು. ಖರ್ಚಾಗಿದ್ದು ಒಂದು ಎಸ್‌ಎಸ್‌ಡಿಗೆ ಮಾತ್ರ. 2029ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ, ನಮಗೆ ಅಷ್ಟು ಸಾಕು.

ಆ ಕಂಪ್ಯೂಟರ್ ಹೆಚ್ಚಾಗಿ ಬಳಸುವುದು ಮಾವ. ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆ ಮಾಪಕದ ನೀರನ್ನು ಅಳತೆ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಓದುತ್ತಾರೆ. ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕ. ಅದನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಒಳಗೆ ಬಂದು, ಕೈ ಒರೆಸಿಕೊಂಡು, ಗೋಡೆಯ ಸ್ವಿಚ್ ಹಾಕುತ್ತಾರೆ. ಸಿಪಿಯು ಮೇಜಿನ ಕೆಳಗಿದೆ. ಅವರು ಬಗ್ಗುವುದು ಬೇಡ ಅಂತ, ಕರೆಂಟ್ ಸಿಕ್ಕ ಕೂಡಲೇ ತಾನೇ ಆನ್ ಆಗುವ ಹಾಗೆ ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಇಟ್ಟಿದ್ದೇವೆ. ಕಾಫಿ ಲೋಟ ಮೇಜಿಗೆ ಬರುವಷ್ಟರಲ್ಲಿ ಡೆಸ್ಕ್‌ಟಾಪ್ ರೆಡಿ. ಲಿಬ್ರೆಆಫೀಸ್ ಹಾಳೆಯಲ್ಲಿ ಇವತ್ತಿನ ಮಳೆ ಬರೆಯುತ್ತಾರೆ. ಹೋದ ವರ್ಷ ಇದೇ ದಿನ ಎಷ್ಟು ಬಿದ್ದಿತ್ತು ನೋಡುತ್ತಾರೆ. ಆಮೇಲೆ ರೊಬಸ್ಟಾ ಚೆರಿ ರೇಟು.

ಅವರ ಬೆರಳು ಸ್ವಲ್ಪ ನಡುಗುತ್ತದೆ. ಪಾಸ್‌ವರ್ಡ್ ಜಾಗದಲ್ಲಿ ಕಾಣುವುದು ಬರೀ ಚುಕ್ಕಿ, ಎಲ್ಲಿ ತಪ್ಪಿತು ಅಂತ ಗೊತ್ತೇ ಆಗುವುದಿಲ್ಲ. “ಇಷ್ಟು ವರ್ಷ ಮಳೆ ಪುಸ್ತಕ ತೆಗೆಯೋಕೆ ಯಾರ ಅಪ್ಪಣೆನೂ ಕೇಳಿಲ್ಲ, ಇದಕ್ಯಾಕಮ್ಮ?” ಅಂತ ಕೇಳಿದ್ದರು. ಆಟೋಮ್ಯಾಟಿಕ್ ಲಾಗಿನ್ ಬಂದ ಮೇಲೆ ಆ ಮಾತು ನಿಂತಿತು. ಅದು ಸೇಫ್ ಅಲ್ಲ ಅಂತ ಸುಮ್ನೆ ತಳ್ಳಿಹಾಕುವವರು ಇಂಥ ಬಳಕೆದಾರರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೊದಲ ಕಿರಿಕಿರಿ ಕ್ರೋಮ್‌ನಿಂದ. ಅದನ್ನು ತೆರೆದಾಗಲೆಲ್ಲ ‘ಲಾಗಿನ್ ಕೀರಿಂಗ್ ತೆರೆಯಲು ಪಾಸ್‌ವರ್ಡ್ ಕೊಡಿ’ ಅಂತ ಒಂದು ಕಿಟಕಿ ಬರುತ್ತಿತ್ತು. ಕಾರಣ ಸರಳ. ಉಳಿಸಿಟ್ಟ ಗುಟ್ಟುಗಳನ್ನೆಲ್ಲ ಮಿಂಟ್ ಕೀರಿಂಗ್ ಎಂಬ ಒಂದು ಕಡೆ ಎನ್‌ಕ್ರಿಪ್ಟ್ ಮಾಡಿ ಇಡುತ್ತದೆ. ನೀವು ಲಾಗಿನ್ ಆಗುವಾಗ ಟೈಪ್ ಮಾಡುವ ಪಾಸ್‌ವರ್ಡೇ ಅದರ ಕೀಲಿ. ಏನೂ ಟೈಪ್ ಮಾಡದೆ ಒಳಗೆ ಬಂದರೆ ಕೀಲಿಯೂ ಇಲ್ಲ, ಕೀರಿಂಗ್ ಮುಚ್ಚೇ ಇರುತ್ತದೆ. ಹುಡುಕಿದರೆ ಸಿಗುವ ಸುಲಭ ಪರಿಹಾರ, ಕೀರಿಂಗ್‌ಗೆ ಖಾಲಿ ಪಾಸ್‌ವರ್ಡ್ ಕೊಡುವುದು. ಕೊಟ್ಟರೆ ಕಿಟಕಿ ಬರುವುದಿಲ್ಲ ನಿಜ, ಆದರೆ ಒಳಗಿರುವುದೆಲ್ಲ ಎನ್‌ಕ್ರಿಪ್ಶನ್ ಇಲ್ಲದೆ ಡಿಸ್ಕ್ ಮೇಲೆ ಕೂರುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ಫೈರ್‌ಫಾಕ್ಸ್ ಈ ಕೀರಿಂಗ್ ಬಳಸುವುದಿಲ್ಲ. ಮಾವನಿಗೆ ಅದನ್ನೇ ಕೊಟ್ಟೆ, ಯಾವ ಪಾಸ್‌ವರ್ಡನ್ನೂ ಅದರಲ್ಲಿ ಸೇವ್ ಮಾಡಿಲ್ಲ.

ಇಷ್ಟೇ ಆಗಿದ್ದರೆ ಈ ವಿಮರ್ಶೆ ಬರೆಯುತ್ತಿರಲಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಕರೆಂಟ್ ಹೇಗೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಗಾಳಿಗೆ ಲೈನ್ ಮೇಲೆ ಮರ ಬೀಳುತ್ತದೆ, ಹೋದ ಕರೆಂಟ್ ಯಾವಾಗಲೋ ಬರುತ್ತದೆ, ಬಂದದ್ದು ಮತ್ತೆ ಹೋಗುತ್ತದೆ. ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಗುತ್ತದೆ. ಜುಲೈನ ಒಂದು ಸಂಜೆ ಕಂಟ್ರೋಲ್, ಆಲ್ಟ್, ಎಲ್ ಒತ್ತಿ ಸ್ಕ್ರೀನ್ ಲಾಕ್ ಮಾಡಿ ಅಡುಗೆಮನೆಗೆ ಹೋಗಿದ್ದೆ. ಕರೆಂಟ್ ಹೋಯಿತು, ಬಂತು. ವೈಫೈ ಪಾಸ್‌ವರ್ಡ್ ಕೇಳಲು ಬಂದ ಅತಿಥಿಯೊಬ್ಬರು “ನಿಮ್ಮ ಕಂಪ್ಯೂಟರ್ ತಾನೇ ಆನ್ ಆಯ್ತು ನೋಡಿ” ಅಂದರು. ಹೋಗಿ ನೋಡಿದರೆ ಲಾಕೂ ಇಲ್ಲ, ಏನೂ ಇಲ್ಲ. ಆಳುಗಳ ಚೆಕ್‌ರೋಲ್ (ಹಾಜರಿ, ಕೂಲಿ ಲೆಕ್ಕ) ಫೋಲ್ಡರ್, ಬುಕಿಂಗ್ ಫೋಲ್ಡರ್ ಎಲ್ಲ ಪರದೆಯ ಮೇಲೆ ಕಾಣುತ್ತಿವೆ. ಆ ಅತಿಥಿ ಮರ್ಯಾದಸ್ಥರು, ಬಾಗಿಲ ಹೊರಗೇ ನಿಂತಿದ್ದರು. ಎಲ್ಲರೂ ಹಾಗಿರಬೇಕೆಂದಿಲ್ಲ ಅಲ್ವಾ?

ನನಗೆ ಸಿಟ್ಟು ಬಂದದ್ದು ಇಲ್ಲಿ. ಆಟೋಮ್ಯಾಟಿಕ್ ಲಾಗಿನ್ ಇದ್ದರೆ ಸ್ಕ್ರೀನ್ ಲಾಕ್‌ಗೆ ಬೆಲೆಯೇ ಇಲ್ಲ. ಪ್ಲಗ್ ಎಳೆದು ಮತ್ತೆ ಹಾಕಿದರೆ ಯಾರು ಬೇಕಾದರೂ ಒಳಗೆ. ನಮ್ಮಲ್ಲಿ ಪ್ಲಗ್ ಎಳೆಯುವ ಕೆಲಸವನ್ನು ಮಳೆಯೇ ಮಾಡಿಕೊಡುತ್ತದೆ. ಇನ್‌ಸ್ಟಾಲ್ ಪುಟದಲ್ಲಿ ಈ ಬಗ್ಗೆ ಒಂದು ಸಾಲು ಎಚ್ಚರಿಕೆಯೂ ಇಲ್ಲ. ಲಾಕ್ ಮಾಡಿದಾಗ ಪಾಸ್‌ವರ್ಡ್ ಕೇಳುತ್ತದೆ, ಸುಡೊ (ಅಡ್ಮಿನ್ ಹಕ್ಕಿನಲ್ಲಿ ಕೆಲಸ ಮಾಡಿಸುವ ಕಮಾಂಡ್) ಕೊಟ್ಟರೂ ಕೇಳುತ್ತದೆ. ಹಾಗಾಗಿ ನೋಡುವವರಿಗೆ ಎಲ್ಲ ಭದ್ರವಾಗಿದೆ ಅನ್ನಿಸುತ್ತದೆ. ಆದರೆ ಸುಡೊ ಕಾಯುವುದು ಸಿಸ್ಟಂ ಫೈಲ್‌ಗಳನ್ನು. ನಿಮ್ಮ ಫೋಟೋ, ಲೆಕ್ಕ, ಲಾಗಿನ್ ಆಗಿಯೇ ಇರುವ ಮೇಲ್ ಅದರ ಕಾವಲಿನಲ್ಲಿ ಇಲ್ಲ.

ಹಾಗಂತ ಬರೀ ಲಾಗಿನ್ ಪಾಸ್‌ವರ್ಡ್ ದೊಡ್ಡ ಕೋಟೆ ಅಂತಲೂ ಅಂದುಕೊಳ್ಳಬೇಡಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ, ಮಿಂಟ್ ಇರುವ ಒಂದು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಎಲ್ಲ ಫೈಲ್ ಓದಬಹುದು. ಕಳ್ಳನಿಗೆ ಪಾಸ್‌ವರ್ಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ನಮ್ಮ ಮನೆಯಲ್ಲಿ ಪೆನ್‌ಡ್ರೈವ್ ಹಿಡಿದು ಬರುವ ಕಳ್ಳನಿಗಿಂತ, ಜಗಲಿಯಲ್ಲಿ ಕೂತು ಮೌಸ್ ಮುಟ್ಟಿ ನೋಡುವವರೇ ಜಾಸ್ತಿ. ಅವರನ್ನು ತಡೆಯಲು ಸಾದಾ ಪಾಸ್‌ವರ್ಡ್ ಸಾಕು.

ಲಾಗಿನ್ ಆದ ಕೂಡಲೇ ಸ್ಕ್ರೀನ್ ಲಾಕ್ ಆಗುವ ಹಾಗೆ ಸ್ಟಾರ್ಟಪ್ ಅಪ್ಲಿಕೇಶನ್ಸ್‌ನಲ್ಲಿ ಒಂದು ಕಮಾಂಡ್ ಹಾಕಬಹುದು. ಮಾವನಿಗೆ ಅದು ಮತ್ತೆ ಅದೇ ಚುಕ್ಕಿಗಳ ಕಾಟ, ಬಿಟ್ಟೆ. ಬದಲಿಗೆ ಅವರಿಗೆ ಬೇರೆ ಯೂಸರ್ ಮಾಡಿದೆ, ಅಡ್ಮಿನ್ ಅಲ್ಲ, ಸ್ಟ್ಯಾಂಡರ್ಡ್. ಅಡ್ಮಿನಿಸ್ಟ್ರೇಶನ್‌ನ ‘ಲಾಗಿನ್ ವಿಂಡೋ’ದಲ್ಲಿ ಯೂಸರ್ಸ್ ಅಂತ ಒಂದು ಟ್ಯಾಬ್ ಇದೆ. ಆಟೋಮ್ಯಾಟಿಕ್ ಲಾಗಿನ್‌ಗೆ ಅಲ್ಲಿ ಅವರ ಹೆಸರು ಹಾಕಿ, ಕೆಳಗೆ ಹತ್ತು ಸೆಕೆಂಡ್ ತಡ ಕೊಟ್ಟೆ. ಅಷ್ಟರಲ್ಲಿ ಬೇಕಿದ್ದರೆ ನನ್ನ ಹೆಸರು ಆರಿಸಿಕೊಂಡು ಪಾಸ್‌ವರ್ಡ್ ಹೊಡೆಯುತ್ತೇನೆ. ಮಾವನ ಕಡೆ ಮಳೆ ಲೆಕ್ಕ, ಕಾಫಿ ರೇಟು, ಮೊಮ್ಮಕ್ಕಳ ಫೋಟೋ. ಚೆಕ್‌ರೋಲ್, ಬುಕಿಂಗ್, ಮೇಲ್ ಎಲ್ಲ ನನ್ನ ಕಡೆ. ತೋಟದ ಲೆಕ್ಕ ಬರೆಯುವ ರೈಟರ್ ವಾರದ ಬಟವಾಡೆ ಲೆಕ್ಕ ಹಾಕಲು ಬಂದಾಗ ನಾನೇ ತೆರೆದು ಕೊಡುತ್ತೇನೆ. ಮಿಂಟ್‌ಗೆ ತಳಹದಿಯಾದ ಉಬುಂಟು ಎಂಬ ಲಿನಕ್ಸ್‌ನಲ್ಲಿ 21.04 ಆವೃತ್ತಿಯಿಂದ ಹೊಸ ಹೋಮ್ ಫೋಲ್ಡರ್ (ಯೂಸರ್‌ನ ಫೈಲ್‌ಗಳಿರುವ ಜಾಗ) ಬೇರೆ ಯೂಸರ್‌ಗಳಿಗೆ ತೆರೆಯುವುದಿಲ್ಲ. ಮಿಂಟ್ 22 ಉಬುಂಟು 24.04ರ ಮೇಲೆ ಕಟ್ಟಿದ್ದು. ಆದರೂ ಹೋಮ್ ಫೋಲ್ಡರಿನ ಪರ್ಮಿಶನ್ಸ್‌ನಲ್ಲಿ ‘ಅದರ್ಸ್’ (Others) ಎದುರು ‘None’ ಇದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ.

ಈ ಏರ್ಪಾಡಾದ ಮೇಲೆ ನನ್ನ ಸಿಟ್ಟು ಇಳಿದಿದೆ. ಕರೆಂಟ್ ಎಷ್ಟು ಸಲ ಹೋಗಿ ಬಂದರೂ ಜಗಲಿಯವರಿಗೆ ಕಾಣುವುದು ಮಳೆ ಹಾಳೆ ಮಾತ್ರ.

ಅತಿಥಿಗಳ ಗುರುತಿನ ಚೀಟಿಯನ್ನು ಮಾತ್ರ ಆ ಡೆಸ್ಕ್‌ಟಾಪ್‌ನಲ್ಲಿ ಇಡುವುದೇ ಇಲ್ಲ. ಹೋಂಸ್ಟೇ ನಡೆಸುವವರು ಇದನ್ನು ಗಮನಿಸಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಕಳಿಸಬೇಕು (ಈ ಫಾರ್ಮಿಗೆ ಮೊದಲು ಫಾರ್ಮ್ ಸಿ ಅನ್ನುತ್ತಿದ್ದರು), ಅದಕ್ಕೆ ಪಾಸ್‌ಪೋರ್ಟ್ ವಿವರ ಬೇಕು. ನಮ್ಮವರ ಹತ್ತಿರ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳುತ್ತೇನೆ. ಇದೆಲ್ಲ ನನ್ನ ಲ್ಯಾಪ್‌ಟಾಪ್‌ನಲ್ಲಿ. ಅದು ಕುಶಾಲನಗರ, ಮೈಸೂರು ಅಂತ ಬಸ್ಸಿನಲ್ಲಿ ಓಡಾಡುತ್ತದೆ, ಕಳೆದುಹೋಗುವ ಭಯ ಇದ್ದೇ ಇದೆ. ಅದಕ್ಕೆ ಇನ್‌ಸ್ಟಾಲ್ ಮಾಡುವಾಗಲೇ ಇಡೀ ಡಿಸ್ಕಿಗೆ ಬೀಗ ಹಾಕುವ ಎಲ್‌ಯುಕೆಎಸ್ (LUKS) ಎನ್‌ಕ್ರಿಪ್ಶನ್ ಹಾಕಿದೆ. ಆನ್ ಮಾಡಿದಾಗ ಡಿಸ್ಕ್ ಪಾಸ್‌ವರ್ಡ್ ಒಮ್ಮೆ ಕೇಳುತ್ತದೆ, ಆಮೇಲೆ ಆಟೋಮ್ಯಾಟಿಕ್ ಲಾಗಿನ್. ಇಲ್ಲಿ ಈ ಸೌಲಭ್ಯದ ಬಗ್ಗೆ ನನ್ನ ದೂರೇ ಇಲ್ಲ, ಯಾಕೆಂದರೆ ರೀಸ್ಟಾರ್ಟ್ ಮಾಡಿದವರು ಮೊದಲು ಡಿಸ್ಕ್ ಪಾಸ್‌ವರ್ಡ್ ದಾಟಲೇಬೇಕು. ಮುಚ್ಚಳ ಮುಚ್ಚಿ ಸಸ್ಪೆಂಡ್‌ನಲ್ಲಿ ಇಟ್ಟಾಗ ಮಾತ್ರ ಡಿಸ್ಕ್ ತೆರೆದೇ ಇರುತ್ತದೆ, ಹಾಗಾಗಿ ಸ್ಕ್ರೀನ್ ಲಾಕ್ ಆನ್ ಇರಲಿ. ಬಸ್ ಹತ್ತುವ ಮುಂಚೆ ನಾನು ಪೂರ್ತಿ ಆಫ್ ಮಾಡುತ್ತೇನೆ. ಡಿಸ್ಕ್ ಪಾಸ್‌ವರ್ಡ್ ಮರೆತರೆ ತೆಗೆದುಕೊಡುವವರು ಯಾರೂ ಇಲ್ಲ. ಒಂದು ಚೀಟಿಯಲ್ಲಿ ಬರೆದು ತೋಟದ ಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ.